ಗುಂಡಿಗೆ ಸುರಿದ ನೀಲಿ

ತೊಂಬತ್ತರ ದಶಕದಲ್ಲಿ ಇಟ್ಟಮಡುವಿನ ನಮ್ಮ ಬೀದಿಗೆ ಒಳಚರಂಡಿ ಬಂದಿರಲಿಲ್ಲ. ಬಚ್ಚಲು, ಕಕ್ಕಸು, ಪಾತ್ರೆ ತೊಳೆದ ನೀರು ಎಲ್ಲವೂ ಹಿತ್ತಲ ಗುಂಡಿಗೆ ಹೋಗುತ್ತಿತ್ತು. ಕೆಳಗೆ ಮನೆಯ ಯಜಮಾನರು, ಮೇಲೆ ಬಾಡಿಗೆಗೆ ನಾವು. ಹಿಂದೆ ಅದೇ ಜಾಗದಲ್ಲಿ ರಾಗಿ ಬೆಳೆದವರು ಅವರು. ಮಣ್ಣು ನೋಡುತ್ತಿದ್ದ ಕಣ್ಣಿನಲ್ಲೇ ಈಗ ಗುಂಡಿ ನೋಡುತ್ತಿದ್ದರು. ಭಾನುವಾರಗಳಂದು (ಭಾನುವಾರವನ್ನು ನಾನೀಗ ಸೇರಿಸುತ್ತಿದ್ದೇನೆಯೋ ಏನೋ) ಹಾರೆಯಿಂದ ಚಪ್ಪಡಿ ಸರಿಸಿ ನನ್ನನ್ನೂ ಕರೆಯುವರು. ನೀರು ಬೂದು ಬಣ್ಣಕ್ಕಿದ್ದರೆ ಕ್ಷೇಮ, ಕಪ್ಪಾಗಿ ಗುಳ್ಳೆ ಎದ್ದರೆ ಗುಂಡಿ ಖಾಲಿ ಮಾಡುವ ಲಾರಿ ಕರೆಸಬೇಕು.

"ಎಂಟು ವರ್ಷ ಆಯ್ತು ಸಾರ್, ಲಾರಿ ಕರೆಸೇ ಇಲ್ಲ. ತುಂಬೋದೇ ಇಲ್ಲ ನಮ್ ಗುಂಡಿ."

ನಾನೂ ಮೆಚ್ಚಿ ತಲೆಯಾಡಿಸಿದ್ದೆ. ಮಗಳಿಗೆ ಕಾಮಾಲೆಯಾದ ವಾರ ಆ ಮಾತು ನೆನಪಾಯಿತು. ಎರಡು ಸಂಸಾರದ ಕೊಳಕು ದಿನವೂ ಬಿದ್ದರೂ ತುಂಬದಿದ್ದರೆ, ಅದು ಹೋಗುತ್ತಿರುವುದು ಎಲ್ಲಿಗೆ? ಹದಿನೈದು ಹೆಜ್ಜೆಯಾಚೆ ನಾವು ಕುಡಿಯುವ ಬಾವಿ.

ಹೆಂಡತಿ ಧಾರವಾಡದ ಕಡೆಯವಳು. ಬಟ್ಟೆಗೆ ಹಾಕುವ ನೀಲಿಯ ಇಡೀ ಬಾಟಲಿಯನ್ನು ಕಕ್ಕಸಿಗೆ ಸುರಿದು ಮೇಲೆ ನೀರು ಹೊಯ್ದಳು.

"ಬಾವ್ಯಾಗ ಬಂತಂದ್ರ ಕಣ್ಣಿಗೆ ಕಾಣ್ತದ."

ಅಂದಿನಿಂದ ಸೇದಿದ ಪ್ರತಿ ಕೊಡದಿಂದ ಬಿಳಿ ಪಿಂಗಾಣಿ ಬಟ್ಟಲಿಗಷ್ಟು ನೀರು ಬಗ್ಗಿಸಿ ಬಿಸಿಲಿಗೆ ಹಿಡಿದೆ. ನೀಲಿ ಕಂಡಂತಾಗುತ್ತಿತ್ತು; ಕಣ್ಣು ಮಿಟುಕಿಸಿದರೆ ಇಲ್ಲ. ಮಗಳಿಗೆ ಕುದಿಸಿದ ನೀರನ್ನೇ ಕೊಡುತ್ತಿದ್ದೆವು. ಆದರೂ ಅವಳ ಕಣ್ಣಿನ ಹಳದಿ ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಹೇಳಲಾರದೆ ಹೋದೆ.

ನಾಲ್ಕನೆಯ ದಿನವೋ ಐದನೆಯ ದಿನವೋ, ಬಾವಿಕಟ್ಟೆಯಲ್ಲಿ ಬಟ್ಟಲು ಹಿಡಿದು ನಿಂತಿದ್ದಾಗ ಯಜಮಾನರು ಬಂದರು. ಎಲ್ಲವನ್ನೂ ಹೇಳಿದೆ. ಸಿಟ್ಟಾಗಲಿಲ್ಲ. ನಗುತ್ತಾ ಬಟ್ಟಲು ಕಸಿದುಕೊಂಡರು.

"ನಮ್ಮಪ್ಪ ತೋಡ್ಸಿದ್ ಬಾವಿ ಸಾರ್ ಇದು," ಎಂದು ಒಂದೇ ಗುಟುಕಿಗೆ ಕುಡಿದರು.

ತಡೆಯಬೇಕಿತ್ತು. ಆ ನೀರು ತೆಳು ನೀಲಿಯಾಗಿತ್ತೆಂದು ಈಗಲೂ ನನಗೆ ಕಾಣುತ್ತದೆ. ಬಟ್ಟಲಿನ ಅಂಚಿಗೆ ನೀಲಿ ಗೆರೆಯಿತ್ತು, ನೀವು ನೋಡಿದ್ದು ಅದನ್ನೇ ಎನ್ನುತ್ತಾಳೆ ಹೆಂಡತಿ. ಇದ್ದಿರಬಹುದು. ಆದರೆ ಆ ಗಳಿಗೆಯಲ್ಲಿ ನೀಲಿ ಎಂದೇ ನಂಬಿದ್ದೆ, ಸುಮ್ಮನಿದ್ದೆ.

ಮಗಳು ತಿಂಗಳಲ್ಲಿ ಗುಣವಾದಳು. ನಾವು ಬಾವಿಯ ನೀರು ಕುಡಿಯುವುದನ್ನು ಬಿಟ್ಟೆವು, ಯಜಮಾನರು ಬಿಡಲಿಲ್ಲ. ದಿನಾ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಎದುರಾದರೆ ನಾನು ಮೊದಲು ಅವರ ಕಣ್ಣಿನ ಬಿಳಿಯನ್ನು ನೋಡುತ್ತಿದ್ದೆ.

"ಯಾಕ್ ಸಾರ್, ಹಂಗ್ ನೋಡ್ತೀರಾ?" ಎಂದು ಒಮ್ಮೆ ಕೇಳಿದರು.

ಏನಿಲ್ಲ ಅಂದೆ.