ಶಕ್ರೊನ ಮೂಗು ಹೋದ ವರ್ಷ

ಅಲಜಾನಿ ಕಣಿವೆಯ ಆ ಊರಿನಲ್ಲಿ ಶಕ್ರೊನ ಮೂಗಿಗೆ ದೊಡ್ಡ ಮರ್ಯಾದೆಯಿತ್ತು. ನೆಲದಲ್ಲಿ ಕತ್ತಿನವರೆಗೆ ಹೂತ ಮಣ್ಣಿನ ಗುಡಾಣಕ್ಕೆ ಬಗ್ಗಿ ಒಮ್ಮೆ ಉಸಿರೆಳೆದರೆ ಸಾಕು, ಒಳಗಿನ ವೈನು ಹದಕ್ಕೆ ಬಂದಿದೆಯೋ ಕೆಡುತ್ತಿದೆಯೋ ಹೇಳಿಬಿಡುತ್ತಿದ್ದ. ಅವನ ಹೆಂಡತಿ ದರೇಜಾನ್ ಇಪ್ಪತ್ತಾರು ವರ್ಷ ದ್ರಾಕ್ಷಿ ಬಳ್ಳಿ ಸವರಿದಳು, ಗೊಂಚಲು ಕೊಯ್ದಳು, ಗುಡಾಣ ತೊಳೆಯಲು ನೀರು ಹೊತ್ತಳು. ರುಚಿ ಹೇಗಿದೆಯೆಂದು ಅವಳನ್ನು ಯಾರೂ ಕೇಳಿರಲಿಲ್ಲ.

ಆ ವರ್ಷ ಸುಗ್ಗಿಗೆ ಮುಂಚೆ ಶಕ್ರೊ ಹತ್ತು ದಿನ ಜ್ವರದಲ್ಲಿ ಮಲಗಿದ. ಎದ್ದವನು ಎಂದಿನಂತೆ ದ್ರಾಕ್ಷಿ ತುಳಿದು, ಸಿಪ್ಪೆ ಬೀಜದ ಸಮೇತ ಗುಡಾಣಗಳಿಗೆ ತುಂಬಿದ. ಆರನೆಯ ದಿನ ದರೇಜಾನ್ ರೊಟ್ಟಿ ತಂದಾಗ ದೊಡ್ಡ ಗುಡಾಣದಿಂದ ಹುಳಿ ನಾತ ಮೂಗಿಗೆ ಅಡರಿತು.

"ಇದು ವಿನೆಗರ್ ಆಗೋ ಹಾಗಿದೆಯಲ್ಲೋ ಮಾರಾಯ."

ಅವನು ಬಗ್ಗಿ ಮೂಸಿದ. "ಚೆನ್ನಾಗೇ ಇದೆ. ನಿಂಗೇನು ಗೊತ್ತು? ಹೋಗಿ ಹುರುಳಿಕಾಯಿ ಬೇಯಿಸು."

"ಹುರುಳಿಕಾಯಿ ಆಗ್ಲೇ ಸೀದುಹೋಯ್ತು. ಅಂಗಳದ ತುಂಬ ಅದೇ ವಾಸನೆ. ನೀನು ಅಲ್ಲೇ ಹಾದು ಬಂದೆ, ಒಂದು ಮಾತೂ ಬೈಲಿಲ್ವಲ್ಲ?"

ಶಕ್ರೊ ಸಿಪ್ಪೆ ತಳ್ಳುವ ಕೋಲು ಹಿಡಿದುಕೊಂಡೇ ಕುಕ್ಕರಿಸಿದ. "ಜ್ವರ ಬಿಟ್ಟಾಗಿಂದ ಏನೂ ಗೊತ್ತಾಗ್ತಿಲ್ಲ ಕಣೇ. ಬೆಳ್ಳುಳ್ಳಿನೂ ಇಲ್ಲ, ಹೊಗೆನೂ ಇಲ್ಲ. ಊರಿಗೆ ತಿಳಿದ್ರೆ ನಗ್ತಾರೆ."

"ನಗೋರು ನಗಲಿ. ಕೋಲು ಇತ್ತ ಕೊಡು."

ಮೇಲೆ ತೇಲಿ ಒಣಗಿದ್ದ ಹುಳಿ ಸಿಪ್ಪೆಯನ್ನೆಲ್ಲ ತೋಡಿ ಎಸೆದಳು. ಉಳಿದದ್ದನ್ನು ದಿನಕ್ಕೆ ಎಂಟು ಸಲ ಒಳಕ್ಕೆ ತಳ್ಳಿದಳು. ನಾಲ್ಕು ದಿನಕ್ಕೆ ನಾತ ಹೋಯಿತು. ಅಲ್ಲಿಂದ ಮುಂದೆ ಅವಳು ಮೂಸಿ ಹೇಳುವುದು, ಅವನು ಮಾಡುವುದು. ಅವನ ಮುಖ ಮಾತ್ರ ಊದಿಕೊಂಡೇ ಇರುತ್ತಿತ್ತು. ಚಳಿ ಬರುವ ಹೊತ್ತಿಗೆ ಗುಡಾಣಗಳ ಬಾಯಿಗೆ ಕಲ್ಲು ಮುಚ್ಚಿ ಹಸಿಮಣ್ಣು ಮೆತ್ತಿದರು.

ಈಸ್ಟರ್ ಕಳೆದ ಮೇಲೆ ಆ ಗುಡಾಣ ತೆರೆದಾಗ ನೆರೆಹೊರೆಯವರೆಲ್ಲ ಮೇಜಿಗೆ ಬಂದರು. ಅಂಬರ್ ಬಣ್ಣದ ವೈನನ್ನು ಚಪ್ಪರಿಸಿ, ಪಕ್ಕದ ಮನೆಯ ಮುದುಕ ಮಿಖಾ ಬಟ್ಟಲೆತ್ತಿ ಎದ್ದು ನಿಂತ. "ಈ ಬಟ್ಟಲು ಶಕ್ರೊನ ಮೂಗಿಗೆ!"

ಒಲೆಯ ಬಳಿ ದರೇಜಾನಳ ಕೈ ನಿಂತಿತು. ಅವಳು ಯಾರಿಗೂ ಹೇಳಿರಲಿಲ್ಲ.

ಶಕ್ರೊ ಬಟ್ಟಲನ್ನು ಮೇಜಿನ ಮೇಲಿಟ್ಟ. "ನನ್ನ ಮೂಗು ಸತ್ತು ಏಳು ತಿಂಗಳಾಯ್ತು, ಮಿಖಾ ಮಾಮ. ಇದನ್ನ ಮಾಡಿದ್ದು ಇವಳು."

ಮಿಖಾ, "ಇಂಥವಳನ್ನ ಇಷ್ಟು ವರ್ಷ ಒಲೆ ಮುಂದೆ ಕೂರಿಸಿದ್ಯಲ್ಲೋ ಪೆದ್ದ!" ಎಂದು ಗದರಿ, ತನ್ನ ಬಟ್ಟಲನ್ನೇ ಅವಳಿಗೆ ಚಾಚಿದ.

ಅವಳು ಒಂದು ಗುಟುಕು ಕುಡಿದಳು. "ಇನ್ನೆರಡು ವಾರ ಬಿಡಬೇಕಿತ್ತು," ಎಂದಳು.

ಶಕ್ರೊನಿಗೆ ವಾಸನೆ ಮರಳಲೇ ಇಲ್ಲ. ಮರುವರ್ಷದಿಂದ ಊರವರು ಗುಡಾಣ ಮುಚ್ಚುವ ಮುಂಚೆ ದರೇಜಾನಳಿಗೆ ಹೇಳಿಕಳಿಸತೊಡಗಿದರು. ಅವನೂ ಜೊತೆಗೆ ಹೋಗಿ, ಸೊಂಟ ಹಿಡಿದುಕೊಂಡು ಗೊಣಗುತ್ತ, ಗುಡಾಣದ ಬಾಯಿಗೆ ಕಲ್ಲು ಸರಿಸಿಕೊಡುತ್ತಿದ್ದ.