ಕೊಯ್ದ ಉಂಗುಷ್ಟ

ಗಟ್ಟಿಮುಟ್ಟಾಗಿದ್ದ ಚಪ್ಪಲಿಯಲ್ಲಿ ಹೆಬ್ಬೆರಳು ತೂರಿಸುವ ಉಂಗುಷ್ಟವನ್ನು ಗಡ್ಡ ಹೆರೆಯುವ ಬ್ಲೇಡಿನಿಂದ ನಾನೇ ಕೊಯ್ದುಕೊಂಡು, ಅದನ್ನು ಹೊಲಿಸುವ ನೆಪದಲ್ಲಿ ಹಿರಿಯೂರಿನ ಬಸ್ ನಿಲ್ದಾಣದ ಹತ್ತಿರ ಹುಣಸೆಮರದ ಕೆಳಗೆ ಹೋಗಿ ಕೂರುತ್ತಿದ್ದೆ. ನಾನು ಚರ್ಮದ ಕೆಲಸ ಕಲಿತದ್ದು ಹೀಗೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೇಳಲು ನಾಚಿಕೆ, ಹೇಳದೆ ಇದ್ದದ್ದಕ್ಕೆ ಅದಕ್ಕಿಂತ ನಾಚಿಕೆ.

ತೊಂಬತ್ತರ ದಶಕದ ನಡುಭಾಗ ಅದು. ನಾನು ಹಿರಿಯೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹೊಸದಾಗಿ ಮದುವೆಯಾಗಿ ಬಾಡಿಗೆ ಮನೆ ಮಾಡಿದ್ದೆ. ಹುಟ್ಟಿದ ಊರು ಹೊಳಲ್ಕೆರೆ. ಅಲ್ಲಿನ ನಮ್ಮ ಮನೆಯಲ್ಲಿ ಚಪ್ಪಲಿ ಬಿಡುವ ಜಾಗ ಗೇಟಿನ ಆಚೆಗೆ. ಕೈಯಲ್ಲಿ ಮುಟ್ಟಿದರೆ ಬಚ್ಚಲಿಗೆ ಹೋಗಿ ಕೈಕಾಲು ತೊಳೆದೇ ಒಳಗೆ ಕಾಲಿಡಬೇಕು. ಇಂಥ ಮನೆಯವನಿಗೆ ಚರ್ಮದ ಹುಚ್ಚು ಹಿಡಿಸಿದ್ದು ಕಚೇರಿಗೆ ತಪಾಸಣೆಗೆ ಬಂದಿದ್ದ ಒಬ್ಬ ಎಂಜಿನಿಯರರ ಚೀಲ. ಕೈಯಲ್ಲೇ ಹೊಲಿದ ಚೀಲವಂತೆ. ಅವರು ಊಟಕ್ಕೆ ಹೋದಾಗ ಅದರ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದೆ. ಆ ಮಧ್ಯಾಹ್ನ ಕಡತದಲ್ಲಿ ನನ್ನ ಮನಸ್ಸೇ ಇರಲಿಲ್ಲ.

ಚಿತ್ರದುರ್ಗದ ಪೇಟೆಗೆ ಹೋಗಿ ಅಂಗೈಯಗಲದ ನಾಲ್ಕು ಚರ್ಮದ ತುಂಡು, ಒಂದು ದಬ್ಬಣ, ಒಂದುಂಡೆ ದಾರ ತಂದು ಪರ್ಸ್ ಹೊಲಿಯಲು ಕೂತೆ. ದಬ್ಬಣ ಚರ್ಮ ಬಿಟ್ಟು ನನ್ನ ಹೆಬ್ಬೆರಳಿಗೆ ಇಳಿಯಿತು. ಮೂರು ಸಲ ಹೊಲಿದೆ, ಮೂರು ಸಲವೂ ಹೊಲಿಗೆ ಕುಡುಕನ ನಡಿಗೆಯಾಯಿತು. ನನಗೆ ಮೊದಲೇ ಮೂಗಿನ ಮೇಲೆ ಕೋಪ. ಎಲ್ಲವನ್ನೂ ಮಂಚದ ಕೆಳಗೆ ಒದ್ದೆ.

ಆಗ ಕಣ್ಣಿಗೆ ಬಿದ್ದವರು ಹುಣಸೆಮರದ ಕೆಳಗೆ ಚಪ್ಪಲಿ ಹೊಲಿಯುತ್ತಿದ್ದ ಅಜ್ಜ. ಅರವತ್ತು ದಾಟಿದ ಜೀವ. ಗೋಣಿಚೀಲ ಹಾಸಿಕೊಂಡು, ಪಕ್ಕದಲ್ಲಿ ಚರ್ಮ ನೆನೆಹಾಕುವ ನೀರಿನ ಬೋಗುಣಿ ಇಟ್ಟುಕೊಂಡು ಕೂರುತ್ತಿದ್ದರು. ಒಂದು ಭಾನುವಾರ ನನ್ನ ಚಪ್ಪಲಿ ನಿಜವಾಗಿಯೇ ಕಿತ್ತಿತ್ತು. ಅವರು ಅದನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಹಾಯಿಸಿ ಎಳೆದರು. ಆ ಎಂಜಿನಿಯರರ ಚೀಲದ ಹೊಲಿಗೆಯೇ ಅದು.

"ಇದು ಹೆಂಗಜ್ಜ? ನನಗೂ ಹೇಳಿಕೊಡ್ತೀಯಾ?" ಅಂದೆ.

ಈಗ ಬರೆಯುವಾಗ 'ಅವರು' ಎಂದು ಬರೆಯುತ್ತಿದ್ದೇನೆ. ಆಗ ಮಗನ ವಯಸ್ಸಿನ ನಾನು ಅವರನ್ನು 'ನೀನು' ಅನ್ನುತ್ತಿದ್ದೆ, ಅವರು ನನ್ನನ್ನು 'ಸ್ವಾಮಿ' ಅನ್ನುತ್ತಿದ್ದರು. ಇಬ್ಬರಿಗೂ ಅದು ಅಭ್ಯಾಸವಾಗಿ ಹೋಗಿತ್ತು.

"ಕಲ್ತು ಏನ್ ಮಾಡ್ತೀರಿ ಸ್ವಾಮಿ, ಸರ್ಕಾರಿ ಕೆಲಸ ಐತೆ" ಎಂದು ನಕ್ಕರು. ಆಮೇಲೆ, "ಬರ್ರಿ, ಕಲಿಯೋರಿಗೆ ಬ್ಯಾಡ ಅನ್ನಾಕೆ ಆಗ್ತದಾ" ಅಂದರು.

ಮುಂದಿನ ಭಾನುವಾರ ಹೋಗಲು ಕಾಲು ಎದ್ದಿತು, ಮನಸ್ಸು ಏಳಲಿಲ್ಲ. ಎದುರಿಗೇ ಟೀ ಅಂಗಡಿ. ಕಚೇರಿಯವರು, ಹೊಳಲ್ಕೆರೆ ಬಸ್ಸಿಗೆ ಕಾಯುವ ನೆಂಟರಿಷ್ಟರು, ಯಾರಾದರೂ ಒಬ್ಬರು ಅಲ್ಲಿ ಇದ್ದೇ ಇರುತ್ತಾರೆ. ನಾನು ಅಜ್ಜನ ಪಕ್ಕ ನೆಲಕ್ಕೆ ಕೂತು ಚರ್ಮ ಹಿಡಿದದ್ದು ಕಂಡರೆ ಸಂಜೆಯೊಳಗೆ ಅಪ್ಪನ ಕಿವಿಗೆ ಬಿದ್ದಿರುತ್ತದೆ. ಚಪ್ಪಲಿ ಹೊಲಿಸಲು ಕಾಯುತ್ತಿದ್ದೇನೆ ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆಗ ಬ್ಲೇಡು ತೆಗೆದೆ. ಮೂರು ಭಾನುವಾರ ಮೂರು ಉಂಗುಷ್ಟ ಕೊಯ್ದೆ.

ಮೂರನೆಯದನ್ನು ಅಜ್ಜ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಸವೆದು ಕಿತ್ತಿದ್ರೆ ತುದಿ ನಾರು ನಾರಾಗಿರ್ತದೆ ಸ್ವಾಮಿ. ಇದು ಕೊಯ್ದಿದ್ದು" ಅಂದರು. ದನಿಯಲ್ಲಿ ಕೋಪವಿರಲಿಲ್ಲ. "ಚೆನ್ನಾಗಿರೋ ಚರ್ಮಾನ ಸುಮ್ನೆ ಕೊಯ್ಯಬ್ಯಾಡ್ರಿ. ಬರೋದಾದ್ರೆ ಹಂಗೇ ಬರ್ರಿ. ನಾನೇನು ಕೇಳ್ತೀನಾ?"

ಮರ್ಯಾದೆ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಮಾಡಿದ್ದೇನು ಗೊತ್ತೇ? ಮುಂದಿನ ವಾರ ಬ್ಲೇಡು ಬಿಟ್ಟು, ಇಕ್ಕಳದಲ್ಲಿ ಎಳೆದು ನಾರು ನಾರಾಗಿ ಕಿತ್ತುಕೊಂಡು ಹೋದೆ. ಅಜ್ಜ ಅದನ್ನು ನೋಡಿ ಪಕ್ಕಕ್ಕಿಟ್ಟು, ಟೀ ಅಂಗಡಿಗೆ ಕಾಣದಂತೆ ನನ್ನನ್ನು ಮರದ ಬೊಡ್ಡೆಯ ಮರೆಗೆ ಕೂರಿಸಿ, ಕೈಗೆ ಸೂಜಿ ಕೊಟ್ಟರು.

ಕಲಿಸುವಾಗ ಮಾತ್ರ ಅವರು ಬೇರೆಯೇ ಮನುಷ್ಯ. ಸ್ವಾಮಿ ಗೀಮಿ ಎಲ್ಲ ಮಾಯ. ರಂಪಿಗೆ, ಅಂದರೆ ಚರ್ಮ ಕೊಯ್ಯುವ ಅಗಲ ಬಾಯಿಯ ಉಳಿ, ಅದನ್ನು ನಾನು ಎದೆಯ ಕಡೆಗೆ ಎಳೆದುಕೊಂಡರೆ ಮಣಿಕಟ್ಟಿನ ಮೇಲೆ ಪಟ್ಟನೆ ಒಂದು ಬೀಳುತ್ತಿತ್ತು. "ಲೇ, ಹೊಟ್ಟೆ ಸೀಳ್ಕಂತೀಯ, ಆ ಕಡೆ ತಳ್ಳು." ದಾರಕ್ಕೆ ಮೇಣ ತಿಕ್ಕುವುದು ಸಾಲದಿದ್ದರೆ, "ಮೇಣ ಏನು ನಿಮ್ಮಪ್ಪನ ಮನೇದಾ? ಇನ್ನೂ ತಿಕ್ಕು." ಆ 'ಲೇ' ಕೇಳಲು ನನಗೆ ಹಿತವಾಗಿತ್ತು. ಕಚೇರಿಯಲ್ಲಿ ಯಾರಾದರೂ ಹಾಗೆ ಅಂದಿದ್ದರೆ ಮೇಜು ಮಗುಚಿ ಹಾಕುತ್ತಿದ್ದೆ.

ಒಂದು ಪಾಠ ಮಾತ್ರ ನನ್ನಿಂದ ಆಗಲಿಲ್ಲ. ನೆನೆಸಿದ ಚರ್ಮವನ್ನು ಬಗ್ಗಿಸುವ ಮೊದಲು ಅದು ಹದಕ್ಕೆ ಬಂದಿದೆಯೋ ನೋಡಬೇಕು. ಅಜ್ಜ ಅದನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ತಣ್ಣಗಿರಬೇಕು, ಒದ್ದೆ ಹತ್ತಬಾರದು. ಬೆರಳಿಗೆ ಅದು ತಿಳಿಯುವುದಿಲ್ಲ, ಕೆನ್ನೆಗೇ ತಿಳಿಯುವುದು. ನಾನು ಅಂಗೈಯ ಹಿಂಬದಿಗೆ ಒತ್ತಿ ನೋಡಿ "ಬಂತು" ಅನ್ನುತ್ತಿದ್ದೆ. ಬಗ್ಗಿಸಿದರೆ ಬಿರುಕು ಬಿಡುತ್ತಿತ್ತು. ಅಜ್ಜ ಮತ್ತೆ ನೀರಿಗೆ ಹಾಕಿ, ತಾವೇ ತಮ್ಮ ಕೆನ್ನೆಗೆ ಒತ್ತಿ ನೋಡಿ, ನನಗೆ ಕೊಡುತ್ತಿದ್ದರು. ಯಾಕೆ ಎಂದು ಅವರು ಒಂದು ದಿನವೂ ಕೇಳಲಿಲ್ಲ. ಗೊತ್ತಿದ್ದದ್ದನ್ನು ಕೇಳುವುದೇನು.

ಚೀಲಕ್ಕೆ ಒಳ್ಳೆಯ ಚರ್ಮ ಬೇಕು ಅಂದಾಗ, ಹೊಸದುರ್ಗದ ಕಡೆ ತಂಗಡಿ ಗಿಡದ ತೊಗಟೆ ಹಾಕಿ ಚರ್ಮ ಹದ ಮಾಡುವ ತಮ್ಮ ನೆಂಟರೊಬ್ಬರ ಹತ್ತಿರ ಕಳಿಸಿದರು. ಅವರು ಜೋಳದ ರೊಟ್ಟಿಯ ಬಣ್ಣದ ಒಂದು ಮಡಿಕೆ ಚರ್ಮ ಕೊಟ್ಟರು. ಗೊಬ್ಬರದ ಚೀಲದಲ್ಲಿ ಸುತ್ತಿ ಬಸ್ಸಿನ ಸೀಟಿನ ಕೆಳಗೆ ತಳ್ಳಿದೆ. ಹೊಸ ಚರ್ಮ, ವಾಸನೆ ಬಿಡದೆ ಇರುತ್ತದೆಯೇ? ಪಕ್ಕದ ಹೆಂಗಸು ಸೆರಗು ಮೂಗಿಗೆ ಒತ್ತಿಕೊಂಡು, "ಯಾವನೋ ಏನೋ ತಂದವನೆ" ಅಂದಳು. "ಹೌದಮ್ಮ, ಬುದ್ಧಿ ಇಲ್ಲ ಜನಕ್ಕೆ" ಅಂದೆ ನಾನು. ನನ್ನ ಕಾಲಡಿಯಲ್ಲೇ ಇತ್ತು ಅದು. ಈಗ ನೆನೆಸಿಕೊಂಡರೆ ನಗು ಬರಬೇಕು, ಬರುವುದಿಲ್ಲ.

ವರ್ಷ ಕಳೆಯುವಷ್ಟರಲ್ಲಿ ಕೈ ಪಳಗಿತು. ಹೆಂಡತಿಗೊಂದು ಪರ್ಸ್ ಮಾಡಿಕೊಟ್ಟೆ. ಅವಳು ಒಳಗೂ ಹೊರಗೂ ತಿರುಗಿಸಿ ನೋಡಿ, "ಯಾರು ಹೇಳಿಕೊಟ್ರು ನಿಮಗೆ?" ಎಂದಳು. "ಯಾರು ಹೇಳಿಕೊಡ್ತಾರೆ, ಪುಸ್ತಕ ನೋಡಿ ಕಲ್ತೆ" ಅಂದೆ. ಕಚೇರಿಯ ಮೇಲ್ವಿಚಾರಕರಿಗೆ ಕನ್ನಡಕದ ಚೀಲ ಹೊಲಿದುಕೊಟ್ಟೆ. ಅವರು ಅದನ್ನು ಬಂದವರಿಗೆಲ್ಲ ತೋರಿಸಿ, "ನಮ್ಮ ಹುಡುಗನ ಕೈಚಳಕ ನೋಡ್ರಿ, ಯಾರೂ ಕಲಿಸದೇನೇ ಕಲ್ತವ್ನೆ" ಅನ್ನುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದೆ.

ಅದೇ ಸಮಯಕ್ಕೆ ರಸ್ತೆ ಅಗಲ ಮಾಡುವ ಸುದ್ದಿ ಬಂತು. ಹುಣಸೆಮರ ಹೋಗುತ್ತದೆ. ಬೀದಿಯಲ್ಲಿ ಕೂತು ಚಪ್ಪಲಿ ಹೊಲಿಯುವವರಿಗೆ ಸರ್ಕಾರದಿಂದ ತಗಡಿನ ಪೆಟ್ಟಿಗೆಯಂಗಡಿ ಕೊಡುತ್ತಾರೆ, ಆದರೆ ಎಲ್ಲರಿಗೂ ಇಲ್ಲ. ಇನ್ನೊಬ್ಬರಿಗೆ ಕೆಲಸ ಕಲಿಸಿದವರಿಗೆ ಮೊದಲು ಅಂತ ಮಾಡಿದ್ದರು. ಅಜ್ಜನ ಇಬ್ಬರು ಗಂಡುಮಕ್ಕಳೂ ಈ ಕಸುಬು ಬೇಡ ಎಂದು ಒಬ್ಬ ಲಾರಿಗೆ, ಒಬ್ಬ ಗಾರೆ ಕೆಲಸಕ್ಕೆ ಹೋಗಿದ್ದರು. ಅವರ ಹತ್ತಿರ ಕಲಿತವನು ಎಂದು ಈ ಭೂಮಿಯ ಮೇಲೆ ಇದ್ದದ್ದು ನಾನೊಬ್ಬ.

"ಸಾಹೇಬರು ವಿಚಾರಣೆಗೆ ಬರ್ತಾರಂತೆ" ಅಂದರು ಅಜ್ಜ, ಬೋಗುಣಿಯ ನೀರು ಚೆಲ್ಲುತ್ತಾ. "ನೀವು ಒಂದು ಮಾತು ಹೇಳಿದ್ರೆ ಸಾಕು ಸ್ವಾಮಿ. ಮರ ಹೋದ್ರೆ ಎಲ್ಲಿ ಕುಂತ್ಕಳಾಣ ನಾನು? ಮನೆ ಮನೆ ತಿರುಗಾಕೆ ಕಾಲು ಇಲ್ಲ."

"ಆಗಲಿ, ನೋಡೋಣ" ಅಂದೆ. ಕಚೇರಿಯಲ್ಲಿ ದಿನಕ್ಕೆ ಹತ್ತು ಜನಕ್ಕೆ ಅನ್ನುವ ಮಾತು ಅದು. ಅದರ ಅರ್ಥ ಅಜ್ಜನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ವಿಚಾರಣೆಯ ಅಧಿಕಾರಿ ಬಂದದ್ದು ಒಂದು ಕೆಲಸದ ದಿನ, ಹನ್ನೊಂದರ ಹೊತ್ತಿಗೆ. ನಾನು ಮೇಲ್ವಿಚಾರಕರು ಮತ್ತು ಇನ್ನಿಬ್ಬರ ಜೊತೆ ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೆ. ಅಜ್ಜ ನನ್ನ ಕಡೆ ಕೈ ತೋರಿಸಿದ್ದು ಕಂಡಿತು. ಅಧಿಕಾರಿ ಕಡತ ಹಿಡಿದು ರಸ್ತೆ ದಾಟಿ ಬಂದರು. ಹಿಂದೆಯೇ ಅಜ್ಜ, ಬರಿಗಾಲಲ್ಲಿ, ಟವೆಲನ್ನು ಹೆಗಲಿಂದ ಕಂಕುಳಿಗೆ ಇಳಿಸಿಕೊಂಡು ಬಂದು ಅಂಗಡಿಯ ಮೆಟ್ಟಿಲ ಕೆಳಗೇ ನಿಂತರು.

"ಇವನು ನಿಮಗೆ ಚರ್ಮದ ಕೆಲಸ ಕಲಿಸಿದಾನಂತೆ, ಹೌದೇನ್ರಿ?" ಎಂದರು ಅಧಿಕಾರಿ.

ಮೇಲ್ವಿಚಾರಕರು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ಇನ್ನಿಬ್ಬರೂ ನೋಡಿದರು.

"ಇಲ್ಲ ಸಾರ್. ಚಪ್ಪಲಿ ಹೊಲಿಸೋಕೆ ಹೋಗ್ತಿರ್ತೀನಿ, ಅಷ್ಟೇ."

ಅಜ್ಜ ತಲೆಯೆತ್ತಿ ನೋಡಿದರು. ಈಗ ಬೈಯುತ್ತಾರೆ, ನನ್ನ ಮಾನ ತೆಗೆಯುತ್ತಾರೆ ಎಂದು ಕಾದೆ. ಅವರು ಅಧಿಕಾರಿಯ ಕಡೆ ತಿರುಗಿ, "ಹೌದ್ರಿ ಸ್ವಾಮಿ, ನಂದೇ ತಪ್ಪು. ವಯಸ್ಸಾತು, ಮರೆವು. ಬ್ಯಾರೆ ಯಾರನ್ನೋ ನೆನೆಸ್ಕಂಡು ಇವರ ಕಡೆ ಕೈ ತೋರಿಸ್ದೆ" ಅಂದರು.

"ಅಂಗಡಿ ಆಸೆಗೆ ಈ ವಯಸ್ಸಲ್ಲಿ ಸುಳ್ಳು ಹೇಳ್ತೀಯಲ್ಲಪ್ಪ, ನಾಚಿಕೆ ಆಗಲ್ವಾ" ಎಂದು ಅಧಿಕಾರಿ ಕಡತದಲ್ಲಿ ಏನೋ ಬರೆದುಕೊಂಡರು. ಅಜ್ಜ ಕೈಮುಗಿದು ರಸ್ತೆ ದಾಟಿ ಹೋದರು. "ಸರ್ಕಾರದ್ದು ಅಂದ್ರೆ ಎಲ್ಲರೂ ಬಾಯಿ ಬಿಡೋರೇ" ಅಂದರು ಮೇಲ್ವಿಚಾರಕರು. ನಾನು ಟೀ ಪೂರ್ತಿ ಕುಡಿದೆ. ಅದು ನನಗೆ ಇವತ್ತಿಗೂ ಅರ್ಥವಾಗುವುದಿಲ್ಲ, ಆ ಟೀ ಹೇಗೆ ಗಂಟಲಲ್ಲಿ ಇಳಿಯಿತು ಎಂಬುದು.

ನಾಲ್ಕು ವಾರ ಆ ಕಡೆ ತಲೆ ಹಾಕಲಿಲ್ಲ. ಕಚೇರಿಗೆ ಹೋಗಲು ಹಿಂದಿನ ಬೀದಿ ಹಿಡಿದೆ. ಮನೆಯಲ್ಲಿ ಸಣ್ಣಸಣ್ಣದಕ್ಕೂ ಹೆಂಡತಿಯ ಮೇಲೆ ಹರಿಹಾಯುತ್ತಿದ್ದೆ. ಕೊನೆಗೊಂದು ದಿನ ಅವಳು ತಟ್ಟೆ ನನ್ನ ಮುಂದೆ ಕುಕ್ಕಿ, "ಏನು ಮಾಡ್ಕಂಡು ಬಂದಿದ್ದೀರಿ ಹೇಳ್ರಿ, ಇಲ್ಲಾ ಸುಮ್ನೆ ಉಣ್ರಿ" ಅಂದಳು. ಹೇಳಲಿಲ್ಲ, ಸುಮ್ಮನೆ ಉಂಡೆ. ಉಂಡಾದ ಮೇಲೆ ಬಿಳಿ ಹಾಳೆ ತೆಗೆದು ಬರೆಯಲು ಕೂತೆ.

ಕಚೇರಿಯವನಲ್ಲವೇ, ಬರವಣಿಗೆ ಸಲೀಸು. ಈ ಹಿರಿಯರ ಬಳಿ ನಾನು ಒಂದು ವರ್ಷಕ್ಕೂ ಹೆಚ್ಚು ಕಾಲ ಚರ್ಮದ ಕೆಲಸ ಕಲಿತಿದ್ದೇನೆ, ನನಗೆ ಬರುವುದೆಲ್ಲ ಅವರು ಕಲಿಸಿದ್ದು, ವಿಚಾರಣೆಯ ದಿನ ನಾನು ಹೇಳಿದ್ದು ಸುಳ್ಳು ಎಂದು ಬರೆದು, ಹೆಸರು ಹುದ್ದೆ ಎಲ್ಲ ಹಾಕಿ ಸಹಿ ಮಾಡಿದೆ. ಮಾರನೆಯ ದಿನ ಅದನ್ನು ಹಿಡಿದು ಹೋದಾಗ ಮರವನ್ನು ಕಡಿದು ಹಾಕಿದ್ದರು. ಅಜ್ಜ ಚರಂಡಿಯ ಆಚೆ, ಗೋಡೆಗೆ ಒರಗಿ, ತಲೆಗೆ ಟವೆಲು ಸುತ್ತಿಕೊಂಡು ಬಿಸಿಲಲ್ಲಿ ಕೂತಿದ್ದರು. ಪೆಟ್ಟಿಗೆಯಂಗಡಿಗಳ ಪಟ್ಟಿ ಹಿಂದಿನ ವಾರವೇ ಹಾಕಿಯಾಗಿತ್ತಂತೆ, ಅದರಲ್ಲಿ ಅವರ ಹೆಸರಿಲ್ಲವಂತೆ. ಅವರೇ ಹೇಳಿದರು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ.

ಕಾಗದ ಚಾಚಿದೆ.

"ನನಗೆ ಓದಾಕೆ ಬರಲ್ಲ. ಏನೈತೆ ಓದ್ರಿ" ಅಂದರು.

ಬಸ್ಸಿಗೆ ಕಾಯುವವರು ಸುತ್ತ ನಿಂತಿದ್ದರು. ಒಬ್ಬಾತ ಕಿತ್ತ ಚಪ್ಪಲಿ ಬಿಟ್ಟು ಒಂಟಿಕಾಲಲ್ಲಿ ಕಾಯುತ್ತಿದ್ದ. ನಾನು ಬಗ್ಗಿ, ಅಜ್ಜನ ಕಿವಿಯ ಹತ್ತಿರ, ಅವರಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಓದತೊಡಗಿದೆ. ಎರಡು ಸಾಲು ಓದಿದ ಮೇಲೆ ನನಗೇ ತಿಳಿಯಿತು, ನಾನು ಇನ್ನೂ ಅದನ್ನೇ ಮಾಡುತ್ತಿದ್ದೇನೆ ಎಂದು. ದನಿ ಎತ್ತಬೇಕು ಅಂದುಕೊಂಡೆ. ಎತ್ತಲು ಆಗಲಿಲ್ಲ. ಹಾಗೇ ಪಿಸುಗುಟ್ಟುತ್ತಲೇ ಕೊನೆಯವರೆಗೆ ಓದಿ ಮುಗಿಸಿದೆ.

ಅಜ್ಜ ಪೂರ್ತಿ ಕೇಳಿಸಿಕೊಂಡರು.

"ಇಷ್ಟುದ್ದ ಬರೆಯೋ ಕಷ್ಟ ಯಾಕೆ ತಗಂಡ್ರಿ ಸ್ವಾಮಿ. ಆವತ್ತು ಬಾಯಲ್ಲಿ ಹೂಂ ಅಂದಿದ್ರೆ ಆಗ್ತಿತ್ತು."

ಬೈದು ಹೇಳಿದ ಮಾತಲ್ಲ ಅದು. ಚರ್ಮ ಹೀಗಲ್ಲ ಹಾಗೆ ಬಗ್ಗಿಸಬೇಕು ಎನ್ನುವಂತೆ ಹೇಳಿದರು. ಆಮೇಲೆ ಕಾಗದವನ್ನು ನನ್ನಿಂದ ತೆಗೆದುಕೊಂಡು, ಮಡಿಸಿ ನನ್ನ ಕೈಗೇ ಕೊಟ್ಟು, ಒಂಟಿಕಾಲಲ್ಲಿ ನಿಂತಿದ್ದವನ ಚಪ್ಪಲಿ ಎತ್ತಿಕೊಂಡು, "ಸ್ವಲ್ಪ ಆ ಕಡೆ ನಿಂತ್ಕಳ್ರಿ, ಬೆಳಕಿಗೆ ಅಡ್ಡ ಆಗ್ತದೆ" ಅಂದರು. ನಾನು ಪಕ್ಕಕ್ಕೆ ಸರಿದು ನಿಂತೆ.