ಆರಾಮ ಅದಾಳ

ಇವತ್ತು ಸೋಮವಾರ. ಪೆನ್ನು ಹುಡುಕಲು ಚೀಲಕ್ಕೆ ಕೈ ಹಾಕಿದರೆ ಬೆರಳಿಗೆ ಸುತ್ತಿಕೊಂಡದ್ದು ಗೇಣುದ್ದದ ಕೆಂಪು ದಾರ. ನಿಮ್ಮ ಚೀಲದಲ್ಲೂ ಇಂಥ ಕಸ ಇದ್ದೀತು. ನನ್ನದನ್ನು ಮಾತ್ರ ಎಸೆಯಲಾಗುವುದಿಲ್ಲ.

ಐರಣಿಯಲ್ಲಿರುವ ನನ್ನ ಸೋದರತ್ತೆ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಮಾಡುವವಳು. ಬೆಂಡೆಯ ಮೊಗ್ಗು ಬಿಡಿಸಿ ಗಂಡುಭಾಗ ಕಿತ್ತು, ಬೇರೆ ಗಿಡದ ಪರಾಗ ಸವರಿ, ಗುರುತಿಗೆ ದಾರ ಕಟ್ಟುತ್ತಾಳೆ. ರಾಣೆಬೆನ್ನೂರಿನ ಸುತ್ತ ಇದೇನು ದೊಡ್ಡ ವಿದ್ಯೆಯಲ್ಲ. ದೂರದೂರಿನ ಪ್ರಯೋಗಾಲಯದಲ್ಲಿ ಹೆಚ್ಚುಕಡಿಮೆ ಅದನ್ನೇ ಮಾಡುತ್ತ ನಾನು ವಿಜ್ಞಾನಿಯೆಂದು ಬೀಗುತ್ತಿದ್ದೆ. ಬ್ಯಾಡಗಿ ಪೇಟೆ ಹಾದು ಬಂದವರು ಸೀನುವುದು ಮೆಣಸಿನಕಾಯಿಗೆ, ಅದು ಬೇರೆ. ನಿಜವಾದ ನೆಗಡಿ ತರುವ ವೈರಸ್ಸುಗಳಲ್ಲೊಂದು ಅಡಿನೋವೈರಸ್. ಅದು ಮರಿ ಹಾಕಲು ಬೇಕಾದ ಜೀನನ್ನು ಕಿತ್ತು, ಆ ಜಾಗದಲ್ಲಿ ಮನುಷ್ಯರ ಜೀನೊಂದನ್ನು ತುಂಬಿ, ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳೊಳಗೆ ಬಿಡುವುದು ನನ್ನ ಕೆಲಸ. ಒಳಗೆ ಹೋದ ಜೀನ್ ತನ್ನ ಪ್ರೋಟೀನನ್ನು ತಯಾರಿಸತೊಡಗುತ್ತದೆ.

ನನ್ನ ತಟ್ಟೆಯಲ್ಲಿದ್ದವು ರತ್ನಿಯ ಚರ್ಮದ ಕೋಶಗಳು. ರತ್ನಿ ಅತ್ತೆಯ ಒಬ್ಬಳೇ ಮಗಳು. ಒಂದು ಜೀನ್ ಕೆಟ್ಟು ಮೈ ದಿನದಿನಕ್ಕೆ ಸೋಲುತ್ತ ಬಂದಾಗ, ಸಂಶೋಧನೆಗಾದರೂ ಆಗಲಿ ಎಂದು ತಾಯಿಮಗಳು ಒಪ್ಪಿ ಕೊಟ್ಟದ್ದು. ಕೋಶಗಳು ಬಂದ ಡಬ್ಬಿಯ ಮೇಲೆ ನಂಬರಿತ್ತು, ಹೆಸರಿರಲಿಲ್ಲ. ಯಾರದೆಂದು ನನಗೆ ಗೊತ್ತಿತ್ತು. ಸರಿಯಾದ ಜೀನ್ ಹೊತ್ತ ವೈರಸ್ಸು ಸಿದ್ಧವಾದದ್ದು ಅವಳು ಹೋಗಿ ಎಂಟು ತಿಂಗಳಿಗೆ. ಮೂರನೆಯ ದಿನ ಸೂಕ್ಷ್ಮದರ್ಶಕದಲ್ಲಿ ಇಣುಕಿದೆ. ಗುರುತಿಗೆಂದು ಸೇರಿಸಿದ್ದ ಹಸಿರು ಬೆಳಕು ಒಂದೊಂದೇ ಕೋಶದಲ್ಲಿ ಹತ್ತಿಕೊಂಡಿತ್ತು. ನಾವು ಮಣ್ಣು ಕೊಟ್ಟು ಬಂದ ಹುಡುಗಿ ಅಲ್ಲಿ ಗುಣವಾಗುತ್ತಿದ್ದಳು. ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು.

ಅದನ್ನು ಅತ್ತೆಗೆ ಹೇಳಿದ್ದು ನನ್ನ ತಪ್ಪು. ಊರಿಗೆ ಹೋದಾಗ ಬಾಯಿ ತಡೆಯಲಿಲ್ಲ. ಅವಳಿಗೆ ಬಿಡಿಸಿ ಹೇಳಬೇಕಾಗಲೂ ಇಲ್ಲ. ಹಂಗಾರ ಕ್ರಾಸಿಂಗ್ ಅಂತನ್ನು, ಅಂದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಈ ದಾರ ಕೊಟ್ಟಳು.

“ಅಕಿ ಡಬ್ಬಿಗೆ ಕಟ್ಟವ್ವ. ದಾರ ಇಲ್ಲದ್ದನ್ನ ಕಿತ್ತು ಒಗೀತಾರ.”

ಕಟ್ಟಲಿಲ್ಲ, ಅಲ್ಲಿ ಹೊರಗಿನ ನೂಲೆಳೆಯೂ ಹೋಗುವಂತಿಲ್ಲ. ಅಡಿನೋವೈರಸ್ಸು ತಂದ ಜೀನ್ ಕೋಶದಲ್ಲಿ ಬೇರೂರುವುದೂ ಇಲ್ಲ. ಹದಿನೈದು ದಿನಕ್ಕೆ ಹಸಿರು ಆರಿತು. ತಟ್ಟೆಯನ್ನು ಬ್ಲೀಚಿನಲ್ಲಿ ಮುಳುಗಿಸಿ, ಡಬ್ಬಿಯ ಸಮೇತ ಎಸೆದೆ. ಅತ್ತೆ ಮಾತ್ರ ಪ್ರತಿ ಸೋಮವಾರ ಫೋನು ಮಾಡಿ, ಹೆಂಗದಾಳ ಎಂದು ಕೇಳುತ್ತಿದ್ದಳು. ಆರಾಮ ಅದಾಳ ಎನ್ನುತ್ತಿದ್ದೆ. ಆ ಕೆಲಸ ಬಿಟ್ಟು ಹಾವೇರಿಯ ಕಾಲೇಜಿನಲ್ಲಿ ಪಾಠ ಹೇಳತೊಡಗಿದರೂ ಸುಳ್ಳು ಬಿಡಲಾಗಲಿಲ್ಲ. ಐದು ವರ್ಷ ನಡೆಯಿತು.

ಹೋದ ತಿಂಗಳು ಐರಣಿಗೇ ಹೋಗಿ, ಆ ಡಬ್ಬಿ ಎಂದೋ ಎಸೆದೆನೆಂದು ಹೇಳಿಬಿಟ್ಟೆ. ಅತ್ತೆ ಕ್ರಾಸಿಂಗ್ ಮಾಡುತ್ತಿದ್ದ ಹೂವಿನಿಂದ ಕಣ್ಣೆತ್ತಲಿಲ್ಲ.

“ನೀ ಸುಳ್ಳ ಹೇಳ್ತಿ ಅಂತ ನನಗ ಗೊತ್ತಿತ್ತು. ಹೋದ ಸೋಮವಾರ ಮಾತ್ರ ನೀ ಅದಾಳ ಅನ್ನಲಿಲ್ಲ. ‘ಆರಾಮ ಅದೇನಿ, ಯವ್ವಾ’ ಅಂದಿ.”

ಅವಳು ಇದ್ದಾಳೆ ಎನ್ನದೆ ನಾನು ಇದ್ದೇನೆ ಎಂದಿದ್ದೆನಂತೆ. ಅತ್ತೆಯನ್ನು ನಾನು ಎಂದೂ ಯವ್ವಾ ಎಂದವಳಲ್ಲ. ತಾಯಿಯನ್ನು ಹಾಗೆ ಕರೆಯುತ್ತಿದ್ದವಳು ರತ್ನಿ. ಬಾಯಿ ತಪ್ಪಿರಬೇಕು ಎಂದೆ. ಇದ್ದೀತು ಎಂದು ಅತ್ತೆ ಇನ್ನೊಂದು ಮೊಗ್ಗಿಗೆ ದಾರ ಕಟ್ಟಿದಳು. ಆ ಸೋಮವಾರ ಏನು ಮಾತಾಡಿದೆನೆಂದು ಎಷ್ಟು ತಡಕಿದರೂ ನನಗೆ ನೆನಪಾಗುತ್ತಿಲ್ಲ.

ಈಗ ಫೋನು ಬಡಿದುಕೊಳ್ಳುತ್ತಿದೆ. ಈಚೆಗೆ ಅತ್ತೆ ಹೆಂಗದಾಳ ಎನ್ನುವುದಿಲ್ಲ, ಹೆಂಗದಿ ಎನ್ನುತ್ತಾಳೆ. ಯಾರನ್ನು ಕೇಳುತ್ತೀ ಎಂದು ನಾನು ಕೇಳುವುದಿಲ್ಲ. ದಾರವನ್ನು ಬೆರಳಿಗೆ ಬಿಗಿದುಕೊಂಡು ಫೋನು ಎತ್ತಿದೆ.

ಆರಾಮ ಅದೇನಿ, ಅಂದೆ. ಯವ್ವಾ ಎಂಬುದು ತಾನಾಗಿ ಬಂತು.